ಕಾರವಾರದಲ್ಲಿ ಕಂಬಳಿಹುಳು ಸಾಕಿದ ಅಧಿಕಾರಿಗಳು

ಬೇಸಿಗೆ ಬಂತೆಂದರೆ ನಮ್ಮಂಥ ಐಟಿ ಜೀವಿಗಳು ಶನಿವಾರ ಬೆಳಿಗ್ಗೆ ಕ್ಯಾಮೆರಾ ನೇತುಹಾಕಿಕೊಂಡು ಚಿಟ್ಟೆ, ಹಕ್ಕಿ ಅಂತ ಊರಾಚೆ ಅಲೆಯೋದು ಈಗ ಮಾಮೂಲು. ಈ ಹುಚ್ಚಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದಿದ್ದು ನಮ್ಮ ಕಾರವಾರದಲ್ಲಿ. ಯಾಕೋ ಕನ್ನಡದಲ್ಲಿ ಇದರ ಮಾತು ಬರೋದೇ ಕಡಿಮೆ.

ಅಲ್ಲಿ ಮೂವರು ಸರ್ಕಾರಿ ನೌಕರರು ಜೊತೆಯಾದರು. ಜೆ. ಡೇವಿಡ್ಸನ್ ಜಿಲ್ಲೆಯ ಕಲೆಕ್ಟರ್. ಇ. ಎಚ್. ಐಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯವನು, 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲೊಬ್ಬ. (ಒಂದು ಸೊಳ್ಳೆಗೂ ಇವನ ಹೆಸರಿದೆ, ಪಾಪ!) ಟಿ. ಆರ್. ಬೆಲ್ ಅರಣ್ಯಾಧಿಕಾರಿ. ಉತ್ತರ ಕನ್ನಡ 1862ರಲ್ಲೇ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಇವರ ಬರಹಗಳೆಲ್ಲ ಹೋಗಿದ್ದು ಮುಂಬೈನ ಆ ಸೊಸೈಟಿಯ ಪತ್ರಿಕೆಗೆ.

ಆ ಕಾಲದ ಸಂಗ್ರಾಹಕರಿಗೆ ಸಾಮಾನ್ಯವಾಗಿ ಚಿಟ್ಟೆಯೆಂದರೆ ಬಲೆ, ಗುಂಡುಸೂಜಿ, ಪೆಟ್ಟಿಗೆ ಅಷ್ಟೆ. ಇವರು ಎಲೆ ಮಗುಚಿ ನೋಡಿದರು! ಮೊಟ್ಟೆ, ಹುಳು ಹುಡುಕಿ ತಂದು, ಅದೇ ಗಿಡದ ಸೊಪ್ಪು ಹಾಕಿ ಸಾಕಿ, ಯಾವ ಹುಳು ಯಾವ ಚಿಟ್ಟೆಯಾಗುತ್ತದೆ ಅಂತ ಬರೆದಿಟ್ಟರು. 1890ರಲ್ಲಿ ಡೇವಿಡ್ಸನ್, ಐಟ್ಕನ್ ಇಬ್ಬರ ಲೇಖನ ಬಂತು. 1896ರದ್ದರಲ್ಲಿ ಬೆಲ್ ಹೆಸರೂ ಸೇರಿತು. ನೀವೂ ಮಾಡಿ ನೋಡಿ. ಎಕ್ಕದಲ್ಲಿ ಪ್ಲೇನ್ ಟೈಗರ್, ಕಣಗಿಲೆಯಲ್ಲಿ ಕಾಮನ್ ಕ್ರೋ, ಕರಿಬೇವಿನಲ್ಲಿ ಕಾಮನ್ ಮಾರ್ಮನ್, ಈಶ್ವರಿ ಬಳ್ಳಿಯಲ್ಲಿ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಹಾರುವ ಚಿಟ್ಟೆಯ ಹಿಂದೆ ಓಡುವುದಕ್ಕಿಂತ ಗಿಡ ಗುರುತಿಸೋದು ಲೇಸು ಅನ್ನೋದು ನನ್ನ ಅನುಭವ.

ಇವರನ್ನು ಸುಮ್ಮನೆ ಹೊಗಳಲೂ ಮನಸ್ಸಾಗುವುದಿಲ್ಲ. ಬೆಲ್ ದುಡಿದ ಇಲಾಖೆಗೆ ಕಾಡೆಂದರೆ ಮೊದಲು ಮರದ ಆದಾಯ. ಅದರ ಕಾನೂನಿನ ವಿರುದ್ಧ 1930ರಲ್ಲಿ ಇದೇ ಜಿಲ್ಲೆಯ ರೈತರು ಜಂಗಲ್ ಸತ್ಯಾಗ್ರಹ ಮಾಡಬೇಕಾಯ್ತು. ಆದರೂ ಆ ಪಟ್ಟಿ ಇಲ್ಲದಿದ್ದರೆ ನಮ್ಮ ಕೈಲಿ ಹೋಲಿಸಿ ನೋಡಲು ಏನಿರುತ್ತಿತ್ತು? ಆಮೇಲೆ ಅದೇ ಜಿಲ್ಲೆಯಲ್ಲಿ ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳು ಬಂದವು, 2000ದಲ್ಲಿ ಕೈಗಾ ವಿದ್ಯುತ್ತಿನ ವಾಣಿಜ್ಯ ಉತ್ಪಾದನೆ, 2005ರಲ್ಲಿ ಕದಂಬ ನೌಕಾನೆಲೆ. ಈ ನಡುವೆ ಯಾವ ಚಿಟ್ಟೆ ಕಡಿಮೆಯಾಯ್ತು ಅಂತ ಕೇಳುವವರು ಆ ಹಳೇ ಪುಟಗಳಿಂದಲೇ ಶುರು ಮಾಡಬೇಕು.

ಬೆಲ್ 1913ರಲ್ಲಿ ನಿವೃತ್ತನಾದ. ಊರಿಗೆ ಹೋಗಲಿಲ್ಲ. ಬಯಲುಸೀಮೆಯ ಚಿಟ್ಟೆಗಳ ಲೇಖನಮಾಲೆಯನ್ನು 1927ರವರೆಗೂ ಬರೆದ. 1937ರಲ್ಲಿ ಸ್ಕಾಟ್ ಜೊತೆ ಹಾಕ್ ಪತಂಗಗಳ ಸಂಪುಟ ತಂದ. ಸ್ವಾತಂತ್ರ್ಯವನ್ನೂ ಇಲ್ಲೇ ಕಂಡು 1948ರಲ್ಲಿ ತೀರಿಕೊಂಡ, ಕೊನೆತನಕ ಕಾರವಾರದವನಾಗಿಯೇ.