ಸಿದ್ದಿಗಳ ಕೌದಿ: ಹಳೇ ಬಟ್ಟೆಯ ಚರಿತ್ರೆ

ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ದೊಡ್ಡ ಅಧಿಕಾರ ನಡೆಸಿದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು. 17ನೇ ಶತಮಾನದಲ್ಲಿ ಬರೆದ ಅವನ ಚಿತ್ರಗಳು ಇಂದಿಗೂ ಇವೆ. ಅದೇ ಖಂಡದಿಂದ ಬಂದು ಉತ್ತರ ಕನ್ನಡದ ಕಾಡು ಸೇರಿದ ಸಿದ್ದಿಗಳ ಹಿರಿಯರಿಗೆ ಚಿತ್ರ ಬರೆಸುವವರು ಯಾರಿದ್ದರು? ಅವರ ಮನೆಗಳಲ್ಲಿ ಹೆಂಗಸರ ಕೈಯಿಂದ ಕೈಗೆ ಬಂದದ್ದು ಕೌದಿ ಹೊಲಿಯುವ ಕೆಲಸ.

1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಮುಂದಿನ ಮೂರು ಶತಮಾನ ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನೆಲೆ ನಿಂತು, ಜಮೀನ್ದಾರರ ಗದ್ದೆ, ತೋಟಗಳಲ್ಲಿ ಕೂಲಿ ಮಾಡಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಧರ್ಮಗಳಲ್ಲಿ ಹಂಚಿಹೋದರೂ ಕೌದಿ ಮೂವರಲ್ಲೂ ಇದೆ. ಒಬ್ಬರ ಕೌದಿಯಲ್ಲಿ ಶಿಲುಬೆ ಮೂಡಿದರೆ ಇನ್ನೊಬ್ಬರದರಲ್ಲಿ ಅರ್ಧಚಂದ್ರ.

ಕೌದಿ ಸಿದ್ದಿಗಳದ್ದು ಮಾತ್ರವಲ್ಲ. ಉತ್ತರ ಕರ್ನಾಟಕದ ಊರೂರಲ್ಲಿ ಹಳೇ ಸೀರೆ, ಧೋತರದಿಂದ ಕೌದಿ ಹೊಲಿಯುತ್ತಾರೆ. ಸಿದ್ದಿ ಹೆಂಗಸರು ಹಳೇ ಸೀರೆ ಹಾಸಿ, ಒಂದು ಮೂಲೆಯಿಂದ ತೇಪೆ ಇಡುತ್ತಾ ಅಂಚಿನ ಗುಂಟ ಸುತ್ತಿ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಪ್ರತಿ ತೇಪೆಯ ಅಂಚು ಮಡಚಿ ಕೈಯಲ್ಲೇ ಸಾಲು ಹೊಲಿಗೆ ಹಾಕುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫೂಲ’ ಬೇಕು. ಅದಿಲ್ಲದೆ ಕೌದಿ ಮುಗಿದ ಲೆಕ್ಕವಿಲ್ಲ. ಹೀಗಾಗಿ ಇದನ್ನು ಬರೀ ಆಫ್ರಿಕಾದ ನೆನಪು ಎನ್ನುವುದೂ, ಬರೀ ಇಲ್ಲಿನ ಪದ್ಧತಿ ಎನ್ನುವುದೂ ಅವಸರದ ಮಾತು. ಕೂಲಿಯವರ ಮನೆಯಲ್ಲಿ ಬಟ್ಟೆ ಎಸೆಯುವಂತಿರಲಿಲ್ಲ, ಘಟ್ಟದ ಮಳೆಗೆ, ಚಳಿಗೆ ಹೊದಿಕೆ ಬೇಕಿತ್ತು. ಮೊದಲ ಕಾರಣ ಇದು.

ಹಳೆಯ ಕೌದಿಗಳು ಹೆಚ್ಚು ಸಿಗದಿರುವುದೂ ಅದಕ್ಕೇ. ಹಾಸಿ, ಹೊದ್ದು, ಒಗೆದು ಜೀರ್ಣವಾದ ಕೌದಿಯ ಮೇಲೆ ಹೊಸ ತೇಪೆ ಕೂರುತ್ತದೆ. ಅಜ್ಜಿಯ ಕೌದಿ ಮೊಮ್ಮಗಳ ಕೌದಿಯೊಳಗೆ ಸೇರಿಹೋಗುತ್ತದೆ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಮರುವರ್ಷ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಶುರುವಾಯಿತು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನವೂ ನಡೆಯಿತು. ಹಾಸಿಗೆಯಲ್ಲಿದ್ದದ್ದು ಗೋಡೆಗೆ ಏರಿತು, ಕೈಕೆಲಸಕ್ಕೆ ಬೆಲೆ ಬಂತು. ಇದು ಒಳ್ಳೆಯದೇ.

ಆದರೆ ಮಾರಲೆಂದು ಹೊಲಿದ ಕೌದಿಗೆ ಮನೆಯ ಸೀರೆ, ಅಂಗಿಯೇ ಬೇಕೆಂದಿಲ್ಲ. ಹತ್ತಿ ಸೀರೆಯ ಜಾಗಕ್ಕೆ ಪಾಲಿಯೆಸ್ಟರ್ ಬಂದಿದೆ, ಅಂಗಡಿಯ ರಗ್ಗು ಮನೆ ಹೊಕ್ಕಿದೆ. ಯಾವ ತೇಪೆ ಯಾರ ಲಂಗ, ಯಾರ ಅಂಗಿ ಎಂದು ಬೆರಳಿಟ್ಟು ಹೇಳಬಲ್ಲವರು ವಯಸ್ಸಾದವರು. ನಮ್ಮಂಥ ವರದಿಗಾರರು ಕೌದಿಯ ಫೋಟೋ ತೆಗೆದು ‘ಸಿದ್ದಿ ಕಲೆ’ ಎಂದು ಒಂದು ಸಾಲು ಬರೆದು ಹೊರಡುತ್ತೇವೆ. ಅದರ ಜತೆಗೆ, ಒಪ್ಪಿಗೆ ಕೇಳಿ, ಹೊಲಿದವರ ಹೆಸರು, ಊರು, ಬಟ್ಟೆ ಎಲ್ಲಿಂದ ಬಂತು ಎಂಬ ಮೂರು ಮಾತನ್ನು ಬರೆದುಕೊಳ್ಳಬೇಕು. ಕಾಗದಪತ್ರಗಳಲ್ಲಿ ಹೆಸರಿಲ್ಲದ ಹೆಂಗಸರ ಚರಿತ್ರೆಗೆ ಇವೇ ದಾಖಲೆ.