ಬಿ27: ಒಂದು ಗುರುತಿನ ಕಥೆ

ಇಪ್ಪತ್ತರ ಹರೆಯದ ಯುವಕನೊಬ್ಬ ಬೆಳಗ್ಗೆ ಹಾಸಿಗೆಯಿಂದ ಏಳಲು ಒದ್ದಾಡುತ್ತಾನೆ. ಸೊಂಟ ಬಿಗಿದುಕೊಂಡಿರುತ್ತದೆ. ಓಡಾಡಿದರೆ ನೋವು ಕಡಿಮೆ, ಸುಮ್ಮನೆ ಕೂತರೆ ಹೆಚ್ಚು. ತಿಂಗಳುಗಟ್ಟಲೆ ಹೀಗಾದ ಮೇಲೆ ವೈದ್ಯರು ಒಂದು ರಕ್ತಪರೀಕ್ಷೆ ಬರೆದುಕೊಡುತ್ತಾರೆ: ಎಚ್.ಎಲ್.ಎ.-ಬಿ27. ವರದಿಯಲ್ಲಿ 'ಪಾಸಿಟಿವ್' ಎಂದು ಬಂದರೆ ಮನೆಮಂದಿಗೆಲ್ಲ ಗಾಬರಿ. ಆ ಒಂದು ಪದ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ತಿಳಿಯಬೇಕಾದರೆ ಪರೀಕ್ಷೆ ಹುಟ್ಟಿದ ಬಗೆಯನ್ನು ನೀವು ಸ್ವಲ್ಪ ನೋಡಬೇಕು. ಚರ್ಚೆಯ ಅರ್ಧ ಗಂಟೆಯಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲ.

ಸ್ವಾರಸ್ಯವೆಂದರೆ, ಈ ಪರೀಕ್ಷೆಯ ಮೂಲ ಸಂಧಿವಾತದಲ್ಲಿಲ್ಲ, ಅಂಗಾಂಗ ಕಸಿಯಲ್ಲಿದೆ. ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಜೋಡಿಸಿದಾಗ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸುತ್ತದೆ. ಜೀವಕೋಶಗಳ ಮೇಲ್ಮೈಯಲ್ಲಿರುವ ಗುರುತುಗಳೇ ಇದಕ್ಕೆ ಮುಖ್ಯ ಕಾರಣ. ಅಂಥ ಮೊದಲ ಗುರುತನ್ನು ಬಿಳಿ ರಕ್ತಕಣಗಳ ಮೇಲೆ 1958ರಲ್ಲಿ ವಿವರಿಸಿದವರು ಫ್ರಾನ್ಸಿನ ಜಾನ್ ಡೋಸ್ಸೆ. 1980ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. ಅದೇ 1958ರಲ್ಲಿ ಅಮೆರಿಕದ ರೋಸ್ ಪೇನ್ ಮತ್ತು ಹಾಲೆಂಡಿನ ಯೊನ್ ಫಾನ್ ರೋಡ್ ಬೇರೆ ಬೇರೆಯಾಗಿ ಇನ್ನೊಂದು ಸಂಗತಿ ಕಂಡರು. ಹಲವು ಮಕ್ಕಳನ್ನು ಹೆತ್ತ ತಾಯಂದಿರ ರಕ್ತದಲ್ಲಿ ಈ ಗುರುತುಗಳನ್ನು ಹಿಡಿಯುವ ಪ್ರತಿಕಾಯಗಳಿದ್ದವು. ಮಗು ತಂದೆಯಿಂದ ಪಡೆದ ಗುರುತು ತಾಯಿಯ ದೇಹಕ್ಕೆ ಹೊಸದಲ್ಲವೇ! ಪ್ರಯೋಗಾಲಯಗಳಿಗೆ ಬೇಕಾದ ಸಾಧನ ಬಾಣಂತಿಯರಿಂದ ಬಂತು.

ಅದನ್ನು ಬಳಸುವ ಸುಲಭ ವಿಧಾನ ರೂಪಿಸಿದವರು ಲಾಸ್ ಏಂಜಲೀಸಿನ ಪಾಲ್ ತೆರಾಸಾಕಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಅಮೆರಿಕ ಸರ್ಕಾರ ಅರಿಜೋನಾದ ಶಿಬಿರದಲ್ಲಿ ಕೂಡಿಹಾಕಿದ್ದ ಕುಟುಂಬದ ಹುಡುಗ ಅವರು. 1964ರಲ್ಲಿ ಅವರು ಪ್ರಕಟಿಸಿದ ವಿಧಾನಕ್ಕೆ ಬೇಕಾದದ್ದು ಒಂದು ಮೈಕ್ರೋಲೀಟರ್ ಸೀರಮ್, ಅಂದರೆ ಮಿಲಿಲೀಟರಿನ ಸಾವಿರದಲ್ಲೊಂದು ಭಾಗ. (ಇಂಥ ಹನಿಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು ನನ್ನಂಥವರಿಗೆ ದೊಡ್ಡ ತಲೆನೋವು!) ಆ ಹನಿಗೆ ಬಿಳಿ ರಕ್ತಕಣಗಳನ್ನು ಸೇರಿಸುತ್ತಾರೆ, ಆಮೇಲೆ ಮೊಲದ ಸೀರಮ್ಮನ್ನು. ಪ್ರತಿಕಾಯ ಗುರುತಿಗೆ ಹೊಂದಿದರೆ ಕಣ ಸಾಯುತ್ತದೆ. ಸತ್ತ ಕಣ ಬಣ್ಣ ಹೀರುತ್ತದೆ, ಬದುಕಿದ್ದು ಹೀರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿದರಾಯಿತು. ಇಂದು ಹೆಚ್ಚಾಗಿ ಡಿ.ಎನ್.ಎ.ಯನ್ನೇ ಪರೀಕ್ಷಿಸುತ್ತಾರೆ.

ಇನ್ನು ಬೆನ್ನುನೋವಿಗೆ ಬರೋಣ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಎಬ್ಬಿಸುತ್ತದೆ. ತೀವ್ರವಾದರೆ ಮೂಳೆಗಳು ಬೆಸೆದುಕೊಂಡು ಬೆನ್ನು ಬಿದಿರಿನಂತೆ ಸೆಟೆಯುತ್ತದೆ. ಇದು ರುಮಟಾಯ್ಡ್ ಸಂಧಿವಾತದ ಒಂದು ಬಗೆಯೆಂದೇ ಅಮೆರಿಕದಲ್ಲಿ ಬಹುಕಾಲ ನಂಬಿದ್ದರು. 1973ರ ಏಪ್ರಿಲ್‌ನಲ್ಲಿ ಎರಡು ತಂಡಗಳು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯಲ್ಲಿ ಡೆರಿಕ್ ಬ್ರೂವರ್‌ಟನ್ ಅವರದು ಮತ್ತು ಲಾಸ್ ಏಂಜಲೀಸಿನಲ್ಲಿ ತೆರಾಸಾಕಿಯವರೂ ಇದ್ದ ಶ್ಲಾಸ್‌ಸ್ಟೈನ್ ಅವರದು, ಒಂದೇ ಫಲಿತಾಂಶ ಪ್ರಕಟಿಸಿದವು. ಲಂಡನ್ನಿನ 75 ರೋಗಿಗಳಲ್ಲಿ 72 ಮಂದಿಗೆ ಬಿ27 ಗುರುತಿತ್ತು. ರೋಗವಿಲ್ಲದ 75 ಮಂದಿಯಲ್ಲಿ ಕೇವಲ 3 ಜನಕ್ಕೆ. ರೋಗಕ್ಕೂ ಒಂದು ಗುರುತಿಗೂ ಇಷ್ಟು ಗಟ್ಟಿಯಾದ ನಂಟು ಅಲ್ಲಿಯವರೆಗೆ ಕಂಡಿರಲಿಲ್ಲ. ರುಮಟಾಯ್ಡ್ ರೋಗಿಗಳಲ್ಲಿ ಬಿ27 ಹೆಚ್ಚಿರಲಿಲ್ಲ. ಎರಡೂ ಬೇರೆ ರೋಗಗಳೆಂಬುದು ಇನ್ನಷ್ಟು ಖಚಿತವಾಯಿತು.

ಈಗ ಪೆನ್ಸಿಲ್ ಹಿಡಿದು ಇದೇ ಲೆಕ್ಕವನ್ನು ತಿರುಗಿಸಿ ಮಾಡಿ. ಯುರೋಪ್ ಮೂಲದ 1000 ಜನರಲ್ಲಿ ಸುಮಾರು 80 ಮಂದಿಗೆ ಬಿ27 ಇರುತ್ತದೆ. ಬಿ27 ಇರುವ 100 ಮಂದಿಯಲ್ಲಿ ರೋಗ ಬರುವುದು ಹೆಚ್ಚೆಂದರೆ ಐದಾರು ಜನಕ್ಕೆ ಎಂಬುದು ಸಾಮಾನ್ಯ ಅಂದಾಜು. ಹಾಗಾದರೆ ಆ 80ರಲ್ಲಿ ರೋಗಿಗಳು ನಾಲ್ಕೋ ಐದೋ. ಉಳಿದ 75 ಮಂದಿ ಆ ಗುರುತನ್ನು ಹೊತ್ತೇ ಆರಾಮವಾಗಿ ಬಾಳುತ್ತಾರೆ. ಕೆನಡಾದ ಹೈಡಾ ಜನರಲ್ಲಂತೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬಿ27 ಇದೆ. ಗುರುತಿಲ್ಲದವರಿಗೂ ಅಪರೂಪಕ್ಕೆ ಈ ರೋಗ ಬರುವುದುಂಟು. ಆದ್ದರಿಂದಲೇ ವೈದ್ಯರು ನೋವಿನ ಲಕ್ಷಣ ಕೇಳಿ, ಸೊಂಟದ ಕೀಲುಗಳ ಎಕ್ಸ್‌ರೇ ಅಥವಾ ಎಂ.ಆರ್.ಐ. ನೋಡಿ, ಅದರ ಜೊತೆಗಿಟ್ಟು ಈ ವರದಿಯನ್ನು ಓದುತ್ತಾರೆ. ನೋವೇ ಇಲ್ಲದ ಅಣ್ಣತಮ್ಮಂದಿರನ್ನೆಲ್ಲ ಸಾಲಾಗಿ ನಿಲ್ಲಿಸಿ ರಕ್ತ ತೆಗೆಸುವುದು ನನ್ನ ದೃಷ್ಟಿಯಲ್ಲಿ ದುಡ್ಡು ದಂಡ, ಮೇಲೆ ಚಿಂತೆ ಬೇರೆ.

ಈ ಗುರುತು ರೋಗ ತರುವುದಾದರೂ ಹೇಗೆ? ಅದಿನ್ನೂ ಪೂರ್ತಿ ಬಗೆಹರಿದಿಲ್ಲ. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಬಿ27ರ ಒಂದು ಉಪಬಗೆಯಿದೆ. ರೋಗ ತರುವ ಸಾಮಾನ್ಯ ಬಗೆಗೂ ಅದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲ. ಆ ಉಪಬಗೆಯವರಲ್ಲಿ ಈ ರೋಗ ಕಾಣುವುದೇ ತೀರ ವಿರಳ.