ದಿನಸಿ ಅಂಗಡಿಗೆ ಹೋದ ಔಷಧಿ ಚೀಟಿ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹತ್ತಿ ಬಯಲಿನಲ್ಲಿ ಮೌಂಡ್ ಬಾಯೂ ಎಂಬ ಊರಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ 1887ರಲ್ಲಿ ಕಾಡು ಕಡಿದು ಕಟ್ಟಿಕೊಂಡ ಊರು. 1960ರ ದಶಕದ ಕೊನೆಯಲ್ಲಿ ಅಲ್ಲಿನ ಹೊಸ ಆರೋಗ್ಯ ಕೇಂದ್ರದ ವೈದ್ಯರು ಔಷಧಿ ಚೀಟಿಯಲ್ಲಿ ಹಾಲು, ತರಕಾರಿ, ಮಾಂಸ ಎಂದು ಬರೆಯತೊಡಗಿದರು. ಅದನ್ನು ಹಿಡಿದು ತಾಯಂದಿರು ದಿನಸಿ ಅಂಗಡಿಗೆ ಹೋಗುತ್ತಿದ್ದರು, ಬಿಲ್ಲು ಕೇಂದ್ರದ ಔಷಧಾಲಯಕ್ಕೆ ಬರುತ್ತಿತ್ತು. ಔಷಧಿಯ ಹಣದಲ್ಲಿ ಊಟ ಕೊಡುವುದು ಯಾವ ಲೆಕ್ಕ ಎಂದು ಸರ್ಕಾರದಿಂದ ಆಕ್ಷೇಪ ಬಂತು. ಹಸಿವಿನಿಂದ ಬಂದ ಕಾಯಿಲೆಗೆ ವೈದ್ಯಶಾಸ್ತ್ರ ಹೇಳುವ ಮದ್ದು ಆಹಾರವೇ ಎಂದು ಕೇಂದ್ರದ ಸ್ಥಾಪಕರಲ್ಲಿ ಒಬ್ಬರಾದ ಡಾ. ಜ್ಯಾಕ್ ಗೈಗರ್ ಉತ್ತರ ಕೊಟ್ಟರು.

ಈ ಕೇಂದ್ರ ಬರುವ ಮೊದಲು ಆ ಬಯಲಿನ ಗುಡಿಸಲುಗಳಲ್ಲಿ ತಲೆಮಾರುಗಳಿಂದ ಹೆರಿಗೆ ಮಾಡಿಸಿದವರು ಕಪ್ಪು ಸೂಲಗಿತ್ತಿಯರು. ಹೊತ್ತುಗೊತ್ತು ನೋಡದೆ ನಡೆದು ಹೋಗುವುದು, ಹೆರಿಗೆಯಾದ ಮೇಲೂ ಉಳಿದು ಬಾಣಂತಿಗೆ ಅಡುಗೆ ಮಾಡಿ ಬಡಿಸುವುದು, ಕೂಲಿ ಕೊಡಲಾಗದವರು ಕೋಳಿಯನ್ನೋ ಕಾಳನ್ನೋ ಕೊಟ್ಟರೆ ಅದನ್ನೇ ತೆಗೆದುಕೊಳ್ಳುವುದು ಅವರ ವೃತ್ತಿಯ ರೀತಿ. 1921ರ ಶೆಪರ್ಡ್-ಟೌನರ್ ಕಾಯ್ದೆಯಿಂದ ತಾಯಿ-ಮಗುವಿನ ಆರೈಕೆಗೆ ಮೊದಲ ಬಾರಿ ಕೇಂದ್ರ ಸರ್ಕಾರದ ಹಣ ಬಂದಾಗ ದಕ್ಷಿಣದ ರಾಜ್ಯಗಳು ಇವರಿಗೆ ತರಗತಿ ನಡೆಸಿದವು. ಬಿಳಿ ಏಪ್ರನ್, ಟೋಪಿ ಕಡ್ಡಾಯವಾಯಿತು. ನರ್ಸ್‌ಗಳು ಅವರ ಚೀಲ ಬಿಚ್ಚಿ ನೋಡುತ್ತಿದ್ದರು: ಕತ್ತರಿ ಇದೆಯೇ, ಹೊಕ್ಕುಳಬಳ್ಳಿಗೆ ಕಟ್ಟುವ ದಾರ ಇದೆಯೇ, ಕೂಸಿನ ಕಣ್ಣಿಗೆ ಬಿಡುವ ಸಿಲ್ವರ್ ನೈಟ್ರೇಟ್ ಹನಿ ಇದೆಯೇ. ವೈದ್ಯರ ಸಂಘದ ವಿರೋಧದ ನಡುವೆ 1929ರಲ್ಲಿ ಆ ಹಣ ನಿಂತುಹೋಯಿತು.

ಕಪ್ಪು ತಾಯಂದಿರು, ಕೂಸುಗಳು ಹೆಚ್ಚಾಗಿ ಸಾಯುತ್ತಿದ್ದುದಕ್ಕೆ ಸೂಲಗಿತ್ತಿಯ ಅಜ್ಞಾನವೇ ಕಾರಣವೆಂದು ಅಧಿಕಾರಿಗಳೂ ವೈದ್ಯರೂ ಹೇಳುತ್ತಿದ್ದರು. ಅನ್ಯಾಯದ ಮಾತು. ರಕ್ತಸ್ರಾವ ನಿಲ್ಲದಿದ್ದರೆ ಅವಳು ಬಾಣಂತಿಯನ್ನು ಕರೆದೊಯ್ಯುವುದಾದರೂ ಎಲ್ಲಿಗೆ? ಬಿಳಿಯರ ಆಸ್ಪತ್ರೆಗಳು ಕಪ್ಪು ರೋಗಿಗಳನ್ನು ಒಳಗೆ ಬಿಡುತ್ತಿರಲಿಲ್ಲ, ಬಿಟ್ಟರೂ ನೆಲಮಾಳಿಗೆಯ ಬೇರೆ ವಾರ್ಡಿನಲ್ಲೋ ಹಿಂಬದಿಯ ಕೋಣೆಯಲ್ಲೋ ಮಲಗಿಸುತ್ತಿದ್ದರು. 1946ರ ಹಿಲ್-ಬರ್ಟನ್ ಕಾಯ್ದೆಯಂತೂ ಹೀಗೆ ಜನರನ್ನು ಬೇರೆಯಿಡುವ ಆಸ್ಪತ್ರೆಗಳಿಗೂ ಸರ್ಕಾರಿ ಹಣ ಕೊಡಲು ದಾರಿ ಮಾಡಿತು. ಮೌಂಡ್ ಬಾಯೂವಿನ ಜನ ಕಾದು ಕೂರಲಿಲ್ಲ. ಅಲ್ಲಿ ಕಪ್ಪು ಜನರದೇ ಒಂದು ಸಹಾಯ ಸಂಘ ಸದಸ್ಯರ ವಂತಿಗೆ ಕೂಡಿಸಿ 1942ರಲ್ಲಿ ಟಬೋರಿಯನ್ ಆಸ್ಪತ್ರೆ ತೆರೆದಿತ್ತು. ಹತ್ತಿ ಬಿಡಿಸುವ ಕೂಲಿಯವರ ಚಿಲ್ಲರೆ ಕಾಸಿನಿಂದ ನಡೆದ ಆಸ್ಪತ್ರೆ ಅದು.

ಉಳಿದ ಆಸ್ಪತ್ರೆಗಳ ಬಾಗಿಲು ತೆರೆಯಲು ನ್ಯಾಯಾಲಯ ಬೇಕಾಯಿತು. ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೊ ಊರಿನ ದಂತವೈದ್ಯ ಜಾರ್ಜ್ ಸಿಮ್ಕಿನ್ಸ್ ಮತ್ತು ಸಂಗಡಿಗರು ಹೂಡಿದ ಮೊಕದ್ದಮೆಯಲ್ಲಿ 1963ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಮರುವರ್ಷ ನಾಗರಿಕ ಹಕ್ಕುಗಳ ಕಾಯ್ದೆ ಬಂತು. 1966ರ ಜುಲೈನಲ್ಲಿ ವೃದ್ಧರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಶುರುವಾದಾಗ, ಜನಾಂಗ ನೋಡಿ ರೋಗಿಗಳನ್ನು ಬೇರ್ಪಡಿಸುವ ಆಸ್ಪತ್ರೆಗೆ ಹಣವಿಲ್ಲ ಎಂದು ಸರ್ಕಾರ ಪಟ್ಟು ಹಿಡಿಯಿತು. ಅದರ ಫಲ ಕೂಸುಗಳ ಲೆಕ್ಕದಲ್ಲಿ ಕಾಣಿಸಿತು. 1965ರಿಂದ 1971ರ ನಡುವೆ ದಕ್ಷಿಣದ ಹಳ್ಳಿಗಾಡಿನಲ್ಲಿ, ಅದರಲ್ಲೂ ಮಿಸಿಸಿಪ್ಪಿಯಲ್ಲಿ, ಭೇದಿ ಮತ್ತು ನ್ಯುಮೋನಿಯಾದಿಂದ ಸಾಯುವ ಕಪ್ಪು ಹಸುಗೂಸುಗಳ ಸಂಖ್ಯೆ ಭರದಿಂದ ಇಳಿಯಿತು. ವಾಂತಿಭೇದಿಯಿಂದ ಬತ್ತಿದ ಕೂಸಿಗೆ ಹೊತ್ತಿಗೆ ಸರಿಯಾಗಿ ಡ್ರಿಪ್ ಹಾಕಿದರೆ ಅದು ಬದುಕುತ್ತದೆ. ಈ ಸಾವುಗಳಿಗೆ ಕಾರಣ ಕಪ್ಪು ಜನರ ರಕ್ತದಲ್ಲಿತ್ತು ಎನ್ನುವವರಿಗೆ ಈ ಆರು ವರ್ಷಗಳನ್ನು ತೋರಿಸಿದರೆ ಸಾಕು.

ಅಷ್ಟರಲ್ಲಿ ಸೂಲಗಿತ್ತಿಯರನ್ನು ಬದಿಗೆ ಸರಿಸಲಾಗಿತ್ತು. ಪಕ್ಕದ ಅಲಬಾಮಾ 1976ರಲ್ಲಿ ಅವರ ವೃತ್ತಿಯನ್ನೇ ಕಾನೂನಿನಿಂದ ಮುಗಿಸಿತು. ಅಲ್ಲಿನ ಗ್ರೀನ್ ಕೌಂಟಿಯ ಮಾರ್ಗರೆಟ್ ಚಾರ್ಲ್ಸ್ ಸ್ಮಿತ್ ಮೂರು ಸಾವಿರದಷ್ಟು ಹೆರಿಗೆ ಮಾಡಿಸಿದ್ದವರು. ಆಸ್ಪತ್ರೆಯ ಬಾಗಿಲು ತೆರೆದದ್ದು ದೊಡ್ಡ ಗೆಲುವು, ನಿಜ. ಆದರೆ ಬಸುರಿಯ ಮನೆ, ಒಲೆ, ಭಯ ಎಲ್ಲವನ್ನೂ ಬಲ್ಲವಳನ್ನು ಅದೇ ಹೊತ್ತಿನಲ್ಲಿ ಹೊರಗಟ್ಟುವ ಅಗತ್ಯವೇನೂ ಇರಲಿಲ್ಲ. ಅವಳಂತೆ ಕಿವಿಗೊಟ್ಟು ಕೇಳುವವರ ಕೊರತೆ ಇಂದಿಗೂ ತುಂಬಿಲ್ಲ. 2023ರಲ್ಲಿ ಅಮೆರಿಕದಲ್ಲಿ ಲಕ್ಷ ಜೀವಂತ ಜನನಗಳಿಗೆ 50.3 ಕಪ್ಪು ತಾಯಂದಿರು ಸತ್ತರು, ಬಿಳಿ ತಾಯಂದಿರು 14.5. ಬಡತನವೊಂದೇ ಇದಕ್ಕೆ ವಿವರಣೆಯಲ್ಲ. 2007ರಿಂದ 2016ರವರೆಗಿನ ಅಂಕಿಅಂಶದಲ್ಲಿ, ಕಾಲೇಜು ಪದವಿ ಪಡೆದ ಕಪ್ಪು ಮಹಿಳೆಯರ ಸಾವಿನ ಪ್ರಮಾಣ ಅಷ್ಟೇ ಓದಿದ ಬಿಳಿ ಮಹಿಳೆಯರದಕ್ಕಿಂತ ಐದು ಪಟ್ಟು ಹೆಚ್ಚಿತ್ತು. ನೋವಾಗುತ್ತಿದೆ ಎಂದರೆ ನಂಬದ, ಏರಿದ ರಕ್ತದೊತ್ತಡವನ್ನು ಹಗುರವಾಗಿ ಕಾಣುವ ವಾರ್ಡುಗಳ ಅನುಭವವನ್ನು ಕಪ್ಪು ತಾಯಂದಿರು ಮತ್ತೆ ಮತ್ತೆ ಹೇಳಿದ್ದಾರೆ.

ಮಿಸಿಸಿಪ್ಪಿಯಲ್ಲಿ ಬಡ ಬಾಣಂತಿಯರಿಗೆ ಹೆರಿಗೆಯಾದ 60 ದಿನಕ್ಕೆ ಮುಗಿಯುತ್ತಿದ್ದ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ನೆರವು 2023ರಲ್ಲಷ್ಟೇ ಒಂದು ವರ್ಷಕ್ಕೆ ವಿಸ್ತರಣೆಯಾಯಿತು. 2024ರಲ್ಲಿ ಅಲ್ಲಿ ಸಾವಿರ ಕೂಸುಗಳಲ್ಲಿ 9.7 ಮೊದಲ ಹುಟ್ಟುಹಬ್ಬ ಕಾಣಲಿಲ್ಲ. 2025ರ ಆಗಸ್ಟ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಶಿಶುಮರಣವನ್ನು ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಎಂದು ಘೋಷಿಸಿತು. ಹೆರಿಗೆ ವೈದ್ಯರಿಲ್ಲದ ಕೌಂಟಿಗಳಲ್ಲಿ ಬಸುರಿಯರ ತಪಾಸಣೆಯನ್ನು ಇಲಾಖೆಯ ಕೇಂದ್ರಗಳಲ್ಲೇ ಶುರುಮಾಡುವುದು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರನ್ನು ಹೆಚ್ಚಿಸುವುದು ಅದರ ಯೋಜನೆಯಲ್ಲಿವೆ.